ಚೆಟ್ರಿ ಹೋದಾಗ ಏನೇನು ಹೋಯಿತು?



ಇಂದಿನ ಚಿಂತನೆ: ಅನಿಚ್ಚ ಮತ್ತು ಖಾಲಿಯಾದ ಜಾಗ

ನಮ್ಮ ಬಳಗದ ಹುಡುಗರು ಫುಟ್‌ಬಾಲ್ ಬಗ್ಗೆ ಮಾತಾಡುವಷ್ಟು ಹುರುಪಿನಿಂದ ಧಮ್ಮದ ಬಗ್ಗೆ ಮಾತಾಡುವುದಿಲ್ಲ ಎಂದು ಹಿರಿಯರೊಬ್ಬರು ಬೇಸರಪಟ್ಟುಕೊಂಡರು. ಆಗಲಿ, ಇವತ್ತು ಫುಟ್‌ಬಾಲಿನಿಂದಲೇ ಶುರು ಮಾಡೋಣ.

2024ರ ಜೂನ್ 6, ಕೋಲ್ಕತ್ತದ ಸಾಲ್ಟ್ ಲೇಕ್ ಕ್ರೀಡಾಂಗಣ. ಎದುರಿಗೆ ಕುವೈತ್ ತಂಡ. ನಾಯಕ ಸುನಿಲ್ ಚೆಟ್ರಿ ಇದೇ ತನ್ನ ಕೊನೆಯ ಅಂತರರಾಷ್ಟ್ರೀಯ ಪಂದ್ಯ ಎಂದು ಮೊದಲೇ ಹೇಳಿದ್ದರು. 2005ರಲ್ಲಿ ಕ್ವೆಟ್ಟಾದಲ್ಲಿ ಪಾಕಿಸ್ತಾನದ ವಿರುದ್ಧ ಆಡಿದ ಮೊದಲ ಪಂದ್ಯದಲ್ಲೇ ಗೋಲು ಹೊಡೆದವರು ಅವರು. ಹತ್ತೊಂಬತ್ತು ವರ್ಷಗಳಲ್ಲಿ 151 ಪಂದ್ಯ, 94 ಗೋಲು. 2013ರಲ್ಲಿ ಬೆಂಗಳೂರು ಎಫ್‌ಸಿ ಸೇರಿದ ಮೇಲೆ ಕಂಠೀರವ ಕ್ರೀಡಾಂಗಣಕ್ಕೂ ಅವರು ಮನೆಯವರೇ ಆದರು. ಆ ಸಂಜೆ ಪಂದ್ಯ ಗೋಲಿಲ್ಲದೆ ಡ್ರಾ ಆಯಿತು. ಅವರು ಅಳುತ್ತಾ ಮೈದಾನ ಬಿಟ್ಟರು.

ಐದು ದಿನದ ಬಳಿಕ ಕತಾರ್ ವಿರುದ್ಧ ಭಾರತ ಮೊದಲು ಗೋಲು ಹೊಡೆದೂ 2-1ರಿಂದ ಸೋತಿತು. ಚೆಂಡು ಗೆರೆ ದಾಟಿ ಹೊರಗೆ ಹೋಗಿದ್ದರೂ ಎದುರಾಳಿಗೆ ಗೋಲು ಸಿಕ್ಕಿತು. ಆ ಅನ್ಯಾಯ ಬೇರೆಯೇ ಮಾತು. ವಿಶ್ವಕಪ್ ಅರ್ಹತಾ ಸುತ್ತಿನ ಹಾದಿ ಅಲ್ಲಿಗೆ ಮುಗಿಯಿತು. ವಾರದೊಳಗೆ ಕೋಚ್ ಕೂಡ ವಜಾ ಆದರು. ಆ ಇಡೀ ವರ್ಷ ಭಾರತ ಒಂದೇ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ.

"ಚೆಟ್ರಿ ಹೋದರು, ತಂಡ ಬಿತ್ತು" ಎಂದು ಎಲ್ಲರೂ ಹೇಳಿದರು. ಬುದ್ಧರು ನಮಗೆ ಕಲಿಸಿರುವುದು ಕಾರಣವನ್ನು ಹುಡುಕಲು. ಹಾಗಾದರೆ ಸ್ವಲ್ಪ ಹಿಂದಕ್ಕೆ ಹೋಗಿ ನೋಡಿ. ಅದೇ ವರ್ಷ ಜನವರಿಯಲ್ಲಿ ಏಷ್ಯನ್ ಕಪ್‌ನಲ್ಲಿ ಭಾರತ ಮೂರೂ ಪಂದ್ಯ ಸೋತಿತ್ತು, ಒಂದು ಗೋಲೂ ಹೊಡೆದಿರಲಿಲ್ಲ. ಆಗ ಚೆಟ್ರಿ ಇದ್ದರು. ಮಾರ್ಚ್‌ನಲ್ಲಿ ಗುವಾಹಟಿಯಲ್ಲಿ ಅವರ 150ನೇ ಪಂದ್ಯ. ಗೋಲೂ ಹೊಡೆದರು, ಆದರೂ ಅಫ್ಗಾನಿಸ್ತಾನ 2-1ರಿಂದ ಗೆದ್ದಿತು. ಅಂದರೆ ಗೋಡೆ ಬಿರುಕು ಬಿಟ್ಟಿದ್ದು ಅವರು ಹೋದ ಮೇಲಲ್ಲ. ಗೋಡೆಯ ಮುಂದೆ ಅವರು ನಿಂತಿದ್ದರಿಂದ ಬಿರುಕು ನಮಗೆ ಕಾಣುತ್ತಿರಲಿಲ್ಲ.

ಕಾರಣ ಇನ್ನೂ ಕೆಳಗಿದೆ. ನಮ್ಮ ಐಎಸ್‌ಎಲ್ ಕ್ಲಬ್‌ಗಳು ಗೋಲು ಹೊಡೆಯುವ ಸ್ಟ್ರೈಕರ್ ಜಾಗಕ್ಕೆ ಹೆಚ್ಚಾಗಿ ವಿದೇಶಿ ಆಟಗಾರರನ್ನೇ ತರುತ್ತವೆ. ಇಲ್ಲಿನ ಹುಡುಗನಿಗೆ ಸಿಗುವುದು ಅಂಚಿನ ಜಾಗ, ಇಲ್ಲವೇ ಬೆಂಚು. ಆ ಜಾಗದಲ್ಲಿ ನಿಂತು, ತಪ್ಪು ಮಾಡಿ, ಬೈಸಿಕೊಂಡು ಕಲಿಯುವ ಅವಕಾಶವೇ ಅವನಿಗಿಲ್ಲ. ರಾಷ್ಟ್ರೀಯ ತಂಡಕ್ಕೆ ಮಾತ್ರ ಅವನು ಬಂದು ದಿಢೀರನೆ ಗೋಲು ಹೊಡೆಯಬೇಕು! ಎಲ್ಲಿಂದ ಹೊಡೆಯುತ್ತಾನೆ?

ಮುಂದೆ ಆದದ್ದು ಇನ್ನೂ ಯೋಚಿಸುವಂಥದ್ದು. 2025ರ ಮಾರ್ಚ್‌ನಲ್ಲಿ ನಲವತ್ತು ವಯಸ್ಸಿನ ಚೆಟ್ರಿಯನ್ನೇ ವಾಪಸ್ ಕರೆದರು. ಶಿಲ್ಲಾಂಗ್‌ನಲ್ಲಿ ಮಾಲ್ದೀವ್ಸ್ ವಿರುದ್ಧ 3-0, ಅವರದೂ ಒಂದು ಗೋಲು. ಹದಿನಾರು ತಿಂಗಳ ಬಳಿಕ ಬಂದ ಗೆಲುವು, ಎಲ್ಲರೂ ಕುಣಿದರು. ಆರು ದಿನದ ಮೇಲೆ ಅದೇ ಮೈದಾನದಲ್ಲಿ ಬಾಂಗ್ಲಾದೇಶದ ವಿರುದ್ಧ ಗೋಲಿಲ್ಲ. ಜೂನ್‌ನಲ್ಲಿ ಹಾಂಗ್‌ಕಾಂಗ್‌ಗೆ ಸೋಲು. ಅಕ್ಟೋಬರ್‌ನಲ್ಲಿ ಮಡಗಾಂವ್‌ನಲ್ಲಿ ಸಿಂಗಪುರಕ್ಕೆ ಸೋತು 2027ರ ಏಷ್ಯನ್ ಕಪ್ ಕೂಡ ಕೈತಪ್ಪಿತು. ಚೆಟ್ರಿಯ ಮೇಲೆ ನನಗೆ ದೂರಿಲ್ಲ. ಕರೆದರು, ಬಂದರು. ಆ ಋತುವಿನ ಐಎಸ್‌ಎಲ್‌ನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು, 14, ಅವರದೇ. ನಲವತ್ತರ ಮನುಷ್ಯನದು! ಇದು ಅವರಿಗೆ ಹೆಮ್ಮೆ, ಉಳಿದವರಿಗೆ ಎಚ್ಚರಿಕೆ.

ಈಗ ಸಂಯುತ್ತ ನಿಕಾಯದ ಕಡೆಗೆ ಬರೋಣ. ಸಾರಿಪುತ್ತರು ತೀರಿಕೊಂಡ ಸುದ್ದಿಯನ್ನು ಚುಂದ ಎಂಬ ಸಾಮಣೇರ ತರುತ್ತಾನೆ. ಜೊತೆಗೆ ಅವರ ಪಾತ್ರೆ, ಚೀವರ. ಆನಂದರ ಮೈಯಲ್ಲಿ ಬಲವೇ ಉಡುಗಿಹೋಗುತ್ತದೆ. ಆಗ ಬುದ್ಧರು ಕೇಳುವ ಪ್ರಶ್ನೆ ವಿಚಿತ್ರವಾಗಿದೆ: ಸಾರಿಪುತ್ತರು ಹೋಗುವಾಗ ಶೀಲವನ್ನು ಕೊಂಡೊಯ್ದರೇ, ಸಮಾಧಿಯನ್ನು ಕೊಂಡೊಯ್ದರೇ, ಪ್ರಜ್ಞೆಯನ್ನು ಕೊಂಡೊಯ್ದರೇ? ಇಲ್ಲ ಎನ್ನುತ್ತಾರೆ ಆನಂದರು. ಆದರೂ ತಮಗೆ ತಿಳಿಹೇಳುತ್ತಿದ್ದ, ಹುರಿದುಂಬಿಸುತ್ತಿದ್ದ ಸಾರಿಪುತ್ತರ ನೆನಪು ಬಿಡುವುದಿಲ್ಲ ಎಂದೂ ಹೇಳಿಕೊಳ್ಳುತ್ತಾರೆ.

ಕೆಲಕಾಲದಲ್ಲಿ ಮೊಗ್ಗಲ್ಲಾನರೂ ಇಲ್ಲವಾಗುತ್ತಾರೆ. ಗಂಗೆಯ ದಂಡೆಯ ಉಕ್ಕಚೇಲದಲ್ಲಿ ಬುದ್ಧರು ಬಯಲಿನಲ್ಲಿ ಕುಳಿತು, ಮೌನವಾಗಿರುವ ಸಂಘವನ್ನು ನೋಡಿ, ಅವರಿಬ್ಬರಿಲ್ಲದೆ ಈ ಸಭೆ ಖಾಲಿಯಾಗಿ ಕಾಣುತ್ತಿದೆ ಎನ್ನುತ್ತಾರೆ. ಖಾಲಿಯನ್ನು ಖಾಲಿ ಎಂದೇ ಹೇಳಿದರು, ಮುಚ್ಚಿಡಲಿಲ್ಲ. ಆದರೆ ಇನ್ನೊಬ್ಬ ಸಾರಿಪುತ್ತರನ್ನು ನೇಮಿಸಲೂ ಇಲ್ಲ. ಅಲ್ಲಿ ಕುಳಿತವರಿಗೇ ನಿಮಗೆ ನೀವೇ ಆಸರೆಯಾಗಿ, ಧಮ್ಮವನ್ನು ಆಸರೆ ಮಾಡಿಕೊಳ್ಳಿ ಎಂದರು.

ಆಟಗಾರನನ್ನು ಸಾರಿಪುತ್ತರಿಗೆ ಹೋಲಿಸುತ್ತಿಲ್ಲ, ಹುಡುಗರು ತಪ್ಪು ತಿಳಿಯಬಾರದು. ಚೆಟ್ರಿಯ ಕಾಲಿನ ಗೋಲುಗಳು ಚೆಟ್ರಿಯ ಜೊತೆಗೇ ಹೋಗುತ್ತವೆ, ಅದು ನಿಜ. ಆದರೆ ಊಟದಲ್ಲಿ, ನಿದ್ದೆಯಲ್ಲಿ, ಅಭ್ಯಾಸದಲ್ಲಿ ಅವರು ಇಟ್ಟುಕೊಂಡ ಶಿಸ್ತು ಪಕ್ಕದಲ್ಲಿ ಆಡಿದವರ ಕಣ್ಣೆದುರೇ ಇತ್ತು. ಅದನ್ನು ಅವರು ಕೊಂಡೊಯ್ದಿಲ್ಲ.

ನಮ್ಮ ಚರಿತ್ರೆಯಲ್ಲೂ ಇಂಥ ಒಂದು ದಿನವಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ದೀಕ್ಷೆ. ಎರಡು ತಿಂಗಳೂ ತುಂಬುವ ಮೊದಲೇ, ಡಿಸೆಂಬರ್ 6ರಂದು, ಬಾಬಾಸಾಹೇಬರು ಇಲ್ಲ. ಮುಂಬೈಯಲ್ಲಿ ಅವರ ಕೈಯಿಂದಲೇ ದೀಕ್ಷೆ ಪಡೆಯಲು ಜನ ಕಾದಿದ್ದರು. ಮರುದಿನ ದಾದರ್ ಚೌಪಾಟಿಯಲ್ಲಿ, ಚಿತೆಯ ಬಳಿಯಲ್ಲೇ, ಭದಂತ ಆನಂದ ಕೌಸಲ್ಯಾಯನರಿಂದ ಲಕ್ಷಾಂತರ ಮಂದಿ ತಿಸರಣ, ಪಂಚಶೀಲ ಸ್ವೀಕರಿಸಿದರು. ಅಳುತ್ತಲೇ ಸ್ವೀಕರಿಸಿದರು. ಅವರು ಯಾರೂ ಬಾಬಾಸಾಹೇಬರ ಜಾಗಕ್ಕೆ ಇನ್ನೊಬ್ಬರು ಬರಲಿ ಎಂದು ಕಾಯಲಿಲ್ಲ.

ನಮ್ಮ ಬಳಗದ ಮಾತಿಗೆ ಬಂದರೆ, ವರ್ಷಗಳಿಂದ ಬುದ್ಧವಂದನೆ ಹೇಳಿಸುತ್ತಿರುವುದು ಒಂದೇ ದನಿ. ಆ ಅಣ್ಣನಿಗೆ ಈಗ ಗಂಟಲು ಸರಿಯಿಲ್ಲ. ಹೋದ ತಿಂಗಳು ಅವರು ಬಾರದ ಭಾನುವಾರ ನಾವು ಫೋನಿನಲ್ಲಿ ವಂದನೆ ಹಾಕಿಕೊಂಡು ಸುಮ್ಮನೆ ಕುಳಿತೆವು. ಆ ದಿನ ಅಲ್ಲಿ ನಾವು ಇಪ್ಪತ್ತು ಜನ ಇದ್ದೆವು.

ಈ ಭಾನುವಾರ ಅಣ್ಣ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ವಂದನೆಯನ್ನು ಪಿಯುಸಿ ಓದುವ ಇಬ್ಬರು ಮಕ್ಕಳು ಹೇಳಿಸುತ್ತಾರೆ. ಪಾಳಿ ಉಚ್ಚಾರಣೆ ತಪ್ಪಿದರೆ ನಡುವೆ ಯಾರೂ ತಿದ್ದಬೇಡಿ. ಮುಗಿದ ಮೇಲೆ ಅಣ್ಣನೇ ಹೇಳಿಕೊಡುತ್ತಾರೆ. ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಬನ್ನಿ.

ಭವತು ಸಬ್ಬ ಮಂಗಲಂ.