ಚಳಿ ಕದ ತಟ್ಟುವ ಮುನ್ನ

ಆಂಡರ್ಸನ್‌ಪೇಟೆಯವರಿಗೆ ಒಂದು ಕಿವಿಮಾತು. ನಮ್ಮದು ಮರಳುಗಾಡಲ್ಲ, ನಿಜ. ಆದರೆ ನಮ್ಮ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಒಣಸೀಮೆಯ ಚಳಿಗೆ ತನ್ನದೇ ಗುಣವಿದೆ. ಮೋಡವಿಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗಿ ಬೆಳಗಿನ ಜಾವ ಮೈ ನಡುಗುತ್ತದೆ, ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ. ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರು ಸ್ವೆಟರ್ ಮರೆಯಬೇಡಿ.

ನವೆಂಬರ್ ಬಂತೆಂದು ಮಳೆ ಮುಗಿಯಿತು ಅಂದುಕೊಳ್ಳಬೇಡಿ. ನಮಗೆ ಬಂಗಾಳ ಕೊಲ್ಲಿ ದೂರವಲ್ಲ. 2024ರ ನವೆಂಬರ್ 30ರಂದು ಪುದುಚೇರಿ ಬಳಿ ದಡ ಮುಟ್ಟಿದ ಫೆಂಗಲ್ ಚಂಡಮಾರುತದ ಮಳೆ ಕೋಲಾರದ ಹೊಲಗಳನ್ನೂ ತೋಯಿಸಿತ್ತು. ಕೊಲ್ಲಿಯಲ್ಲಿ ವಾಯುಭಾರ ಕುಸಿತವೆಂದು ಸುದ್ದಿ ಬಂದರೆ ರಾಗಿ ಕೊಯ್ಲನ್ನು ಎರಡು ದಿನ ಮುಂದಕ್ಕೆ ಹಾಕಿ. ಕೊಯ್ದಿದ್ದರೆ ಮೆದೆಗೆ ಟಾರ್ಪಾಲು ಹೊದಿಸಿ. ಮೋಡ, ತಂಪು, ತೇವ ಸೇರಿದರೆ ಟೊಮೆಟೊಗೆ ಅಂಗಮಾರಿ ಬರಬಹುದು. ಎಲೆಯ ಕೆಳಭಾಗ ನೋಡುತ್ತಿರಿ.

ಇನ್ನು ದೂಳಿನ ಮಾತು. ನಮ್ಮೂರ ಚಿನ್ನದ ಗಣಿ 2001ರಲ್ಲೇ ಮುಚ್ಚಿತು, ಆದರೆ ಅದರ ತ್ಯಾಜ್ಯದ ಸಯನೈಡ್ ಗುಡ್ಡಗಳು ಉಳಿದಿವೆ. ಒಣಗಾಳಿ ಬೀಸಿದ ದಿನ ಅವುಗಳ ದೂಳು ಮನೆಯೊಳಗೇ ಬರುತ್ತದೆ. ಆಸ್ತಮಾ ಇರುವವರು, ಗಣಿಯಲ್ಲಿ ದುಡಿದ ಹಿರಿಯರು ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ನೀರಿನ ಪಾತ್ರೆ ಮುಚ್ಚಿಡಿ. ಮಕ್ಕಳನ್ನು ಗುಡ್ಡದ ಮೇಲೆ ಆಡಲು ಬಿಡಬೇಡಿ.

ಕೊನೆಯದು, ಮುಖ್ಯವಾದದ್ದು: ಚಳಿಯೆಂದು ಇದ್ದಿಲ ಒಲೆಯನ್ನು ಕೋಣೆಯೊಳಗಿಟ್ಟು ಕದ ಮುಚ್ಚಿ ಮಲಗಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಇನ್ನೊಂದು ಕಂಬಳಿ ಹೊದ್ದುಕೊಳ್ಳಿ, ಸಾಕು.