ಸ್ನಾನದ ಮನೆಯ ಸ್ಪೌಟ್ ಬದಲಿಸುವ ಪಾಠ



ವಿದ್ಯಾರ್ಥಿವೇತನದ ಲೆಕ್ಕಪತ್ರಗಳ ಜೊತೆಗೆ ಮನೆಗೆ ಉಪಯೋಗವಾಗುವ ಒಂದು ಪಾಠವೂ ಇರಲಿ ಎಂದು ಇದನ್ನು ಬರೆಯುತ್ತಿದ್ದೇವೆ. ನಾವು ನಷ್ಟ ಮಾಡಿಕೊಂಡು ಕಲಿತ ಪಾಠವಿದು.

ನಮ್ಮ ಸ್ನಾನದ ಮನೆಯಲ್ಲಿ ಬಕೆಟ್ಟಿಗೆ ನೀರು ಬಿಡುವ ಸ್ಪೌಟ್ ಇದೆ. ಅದರ ಹಿಂದೆ ಗೋಡೆಗೆ ಒರಗಿರುವ ಸ್ಟೀಲ್ ಬಿಲ್ಲೆಗೆ ಫ್ಲಾಂಜ್ ಎನ್ನುತ್ತಾರೆ. ಅದರ ಅಂಚಿನಿಂದ ನೀರು ಜಿನುಗುತ್ತಿತ್ತು. ಸುತ್ತಲೂ ಬಿಳಿ ಸಿಮೆಂಟ್ ಮೆತ್ತಿದೆವು. ಜಿನುಗುವುದು ನಿಂತಿತು, ನಾವೂ ನಿಶ್ಚಿಂತರಾದೆವು. ಎರಡು ತಿಂಗಳ ನಂತರ ಅದೇ ಗೋಡೆಯ ಆಚೆ ಬದಿಯ ಕಪಾಟು ತೆರೆದರೆ ಬೂಷ್ಟಿನ ವಾಸನೆ. ಮೊಮ್ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೆನೆದು, ಮೊಹರಿನ ಶಾಯಿ ಹರಡಿತ್ತು. ಅದು ಕಾಲೇಜಿಗೆ ಸೇರುವ ವಾರ. ತಪ್ಪು ನಮ್ಮದು, ಓಡಾಟ ಅವಳದು.

ರಿಪೇರಿಗೆ ಬಂದವನು ನಮ್ಮ ಹಳೆಯ ವಿದ್ಯಾರ್ಥಿ, ಈಗ ಪ್ಲಂಬರ್. “ಸಾರ್, ಮೇಲೆ ಮೆತ್ತಿದ್ದು ನೀರು ತಡೆಯಲ್ಲ. ಒಳಗಿನ ಥ್ರೆಡ್ಡೇ ತಡೀಬೇಕು” ಎಂದ. ಸಿಮೆಂಟ್ ಸೋರಿಕೆಯನ್ನು ನಿಲ್ಲಿಸಿರಲಿಲ್ಲ, ನೀರು ಹೊರಬರುವ ದಾರಿಯನ್ನು ಮುಚ್ಚಿತ್ತು ಅಷ್ಟೆ.

ಕಾರಣವೇನು?

ಎರಡು ಥ್ರೆಡ್‌ಗಳನ್ನು ಎಷ್ಟು ಬಿಗಿದರೂ ನಡುವೆ ಸುರುಳಿಯಾಗಿ ಸಣ್ಣ ಸಂದು ಉಳಿಯುತ್ತದೆ. ಹಿಂದೆ ಅದಕ್ಕೆ ಸಣಬಿನ ನಾರು ಸುತ್ತಿ ಸಫೇದ ಬಳಿಯುತ್ತಿದ್ದರು. ಈಗ ಟೆಫ್ಲಾನ್ ಟೇಪ್ ಬಂದಿದೆ. ಟೆಫ್ಲಾನ್ 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಅವರಿಗೆ ಆಕಸ್ಮಿಕವಾಗಿ ಸಿಕ್ಕ ವಸ್ತು. ಈ ಟೇಪಿಗೆ ಅಂಟಿಲ್ಲ. ಬಿಗಿಯುವಾಗ ಅದು ಸಂದಿನೊಳಗೆ ಒತ್ತಿಕೊಂಡು ತುಂಬುತ್ತದೆ.

ಮಾಡುವ ಕ್ರಮ

1. ಗೇಟ್ ವಾಲ್ವ್ ಮುಚ್ಚಿ. ನಲ್ಲಿ ತಿರುಗಿಸಿ, ಪೈಪಿನಲ್ಲಿ ಉಳಿದ ನೀರನ್ನು ಹೊರಬಿಡಿ.

2. ಹಳೆಯ ಸ್ಪೌಟಿಗೆ ಬಟ್ಟೆ ಸುತ್ತಿ ಎಡಕ್ಕೆ ತಿರುಗಿಸಿ ಬಿಚ್ಚಿ. ಅಲುಗದಿದ್ದರೆ ಬಲಪ್ರಯೋಗ ಬೇಡ, ಗೋಡೆಯೊಳಗಿನ ಪೈಪೇ ತಿರುಗಿ ಮುರಿಯಬಹುದು. ಆಗ ಪ್ಲಂಬರನ್ನು ಕರೆಯಿರಿ.

3. ಹಳೆಯ ಸ್ಪೌಟನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಸಾಮಾನ್ಯವಾಗಿ ಅರ್ಧ ಇಂಚು ಇರುತ್ತದೆ. ಗೋಡೆಯೊಳಗಿನ ಥ್ರೆಡ್ಡಿನಲ್ಲಿ ಉಳಿದ ಹಳೆಯ ಟೇಪನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ.

4. ಹೊಸ ಸ್ಪೌಟಿನ ಥ್ರೆಡ್ಡಿನ ತುದಿಯನ್ನು ನಿಮ್ಮ ಕಡೆಗೆ ಹಿಡಿಯಿರಿ. ಮೊದಲ ಗೀರು ಬಿಟ್ಟು, ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ ಟೇಪನ್ನು ಎಳೆದು ಹಿಡಿದು ಹತ್ತು–ಹನ್ನೆರಡು ಸುತ್ತು ಸುತ್ತಿ. ತಿರುವುಮುರುವಾಗಿ ಸುತ್ತಿದರೆ ಬಿಗಿಯುವಾಗ ಟೇಪ್ ಬಿಚ್ಚಿಕೊಳ್ಳುತ್ತದೆ.

5. ಮೊದಲು ಫ್ಲಾಂಜ್ ತೊಡಿಸಿ, ಬಳಿಕ ಸ್ಪೌಟನ್ನು ಬರಿಗೈಯಲ್ಲೇ ತಿರುಗಿಸಿ. ಮೊದಲ ಸುತ್ತುಗಳು ಸಲೀಸಾಗಿ ಹೋಗಬೇಕು. ತಡೆದರೆ ಥ್ರೆಡ್ ಓರೆಯಾಗಿ ಕೂತಿದೆ, ಬಿಚ್ಚಿ ಮತ್ತೆ ಹಾಕಿ. ಬಾಯಿ ನೇರ ಕೆಳಕ್ಕೆ ಬರುವವರೆಗೆ ಬಿಗಿಯಿರಿ. ಹೆಚ್ಚು ತಿರುಗಿತೆಂದು ಹಿಂದಕ್ಕೆ ತಿರುಗಿಸಬೇಡಿ. ಹಾಗೆ ಮಾಡಿದರೆ ಟೇಪಿನ ಹಿಡಿತ ತಪ್ಪುತ್ತದೆ. ಪೂರ್ತಿ ಬಿಚ್ಚಿ ಹೊಸ ಟೇಪ್ ಸುತ್ತಿ.

6. ಈಗ ಪರೀಕ್ಷೆ. ಒಂದು ಬಕೆಟ್ ನೀರು ಬಿಡಿ. ಸ್ಪೌಟಿನ ಮೇಲೆ ಶವರ್ ಗುಂಡಿ ಇದ್ದರೆ ಅದನ್ನು ಎತ್ತಿ ಹತ್ತು ನಿಮಿಷ ಶವರ್ ಓಡಿಸಿ. ಆಗಲೇ ಆ ಜೋಡಣೆಯ ಮೇಲೆ ಒತ್ತಡ ಬೀಳುವುದು. ಫ್ಲಾಂಜನ್ನು ಮುಂದಕ್ಕೆ ಸರಿಸಿ, ಸ್ಪೌಟಿನ ಹಿಂಭಾಗಕ್ಕೆ ಒಣ ಕಾಗದ ಒತ್ತಿ ನೋಡಿ. ಕಾಗದ ಒಣಗಿಯೇ ಇದ್ದರೆ ಪಾಸು.

7. ಕೊನೆಯಲ್ಲಿ, ಗೋಡೆ ಒಣಗಿದ ಮೇಲೆ, ಫ್ಲಾಂಜಿನ ಮೇಲ್ಭಾಗ ಮತ್ತು ಎರಡು ಬದಿಗೆ ಸಿಲಿಕಾನ್ ಹಚ್ಚಿ. ಕೆಳಗೆ ಬೆರಳಗಲ ಬಿಡಿ. ಮುಂದೆ ಎಂದಾದರೂ ಸೋರಿದರೆ ನೀರು ಅಲ್ಲಿಂದ ಹೊರಬಂದು ನಮ್ಮ ಕಣ್ಣಿಗೆ ಬೀಳುತ್ತದೆ. ನಾವು ಸಿಮೆಂಟ್ ಮೆತ್ತಿ ಮುಚ್ಚಿದ್ದು ಇದೇ ಬಾಗಿಲನ್ನು.

ಮಕ್ಕಳಿಗೆ ಲೆಕ್ಕ

ಸೋರುವ ಕಡೆ ಲೋಟ ಇಟ್ಟು ಒಂದು ಗಂಟೆ ಬಿಡಿ. 200 ಮಿಲಿಲೀಟರ್ ತುಂಬಿದರೆ ದಿನಕ್ಕೆ 4.8 ಲೀಟರ್. ವರ್ಷಕ್ಕೆ ಎಷ್ಟು? (ಉತ್ತರ: 1,752 ಲೀಟರ್.)

ಪೋಷಕರಲ್ಲಿ ಒಂದು ವಿನಂತಿ. ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳನ್ನು ಸ್ನಾನದ ಮನೆಗೆ ತಾಗಿದ ಗೋಡೆಯ ಕಪಾಟಿನಲ್ಲಿ ಇಡಬೇಡಿ. ಇಂದೇ ಒಮ್ಮೆ ತೆಗೆದು ನೋಡಿ.