ಉದ್ದಿನ ಬೇರು ಒಸರುವ ರಸ

ಬೇರು ಮಣ್ಣಿನಿಂದ ಹೀರುವುದನ್ನು ಬಲ್ಲಿರಿ. ಮಣ್ಣಿಗೆ ಒಸರುವುದನ್ನೂ ಗಮನಿಸಿ. ಸಾಲಿಗ್ರಾಮದ ಸುತ್ತ ಭತ್ತ ಕೊಯ್ದ ಗದ್ದೆಯಲ್ಲಿ ಬಿತ್ತುವ ಉದ್ದು, ಬೇರಿನ ರಸದಿಂದಲೇ ರೈಜೋಬಿಯಂ ಅಣುಜೀವಿಗಳನ್ನು ಕರೆಯುತ್ತದೆ.

ಕರಾವಳಿಯ ಹುಳಿಮಣ್ಣಿನಲ್ಲಿ ನೀವು ಹಾಕಿದ ರಂಜಕದ ಬಹುಭಾಗ ಕಬ್ಬಿಣ, ಅಲ್ಯೂಮಿನಿಯಂಗಳಿಗೆ ಅಂಟಿ ಬೆಳೆಗೆ ಸಿಗದಾಗುತ್ತದೆ. ದ್ವಿದಳ ಬೆಳೆಗಳ ಬೇರು ಬಿಡುವ ಸಾವಯವ ಆಮ್ಲಗಳು ಆ ಅಂಟನ್ನು ಸಡಿಲಿಸುತ್ತವೆ. ತೊಗರಿ ಬೇರಿನ ಪಿಸಿಡಿಕ್ ಆಮ್ಲಕ್ಕೆ ಈ ಶಕ್ತಿಯಿದೆಯೆಂದು ಹೈದರಾಬಾದ್ ಸಮೀಪದ ಇಕ್ರಿಸ್ಯಾಟ್ ಸಂಸ್ಥೆಯ ಸಂಶೋಧನೆ 1990ರಲ್ಲಿ ತೋರಿಸಿತು. ಉದ್ದಿನಿಂದ ಅಷ್ಟನ್ನೇ ನಿರೀಕ್ಷಿಸಬೇಡಿ. ರಸದ ಪ್ರಭಾವವೂ ಬೇರಿನಿಂದ ಕೆಲವೇ ಮಿಲಿಮೀಟರ್ ದೂರದವರೆಗೆ ಮಾತ್ರ. ಆದ್ದರಿಂದ ಬೇರು ಹರಡುವಂತೆ ಮಣ್ಣು ಹದವಾಗಿರಲಿ.

ಕಟಾವಿಗೆ ಬಂದ ಗಿಡವನ್ನು ಕೀಳುವುದು ಸುಲಭವೇನೋ ಹೌದು. ಆದರೂ ಬುಡದಲ್ಲಿ ಕತ್ತಿಯಿಂದ ಕೊಯ್ದು ಬೇರನ್ನು ಗದ್ದೆಯಲ್ಲೇ ಬಿಡಿ. ಕೊಳೆತು ಮುಂಗಾರಿನ ಭತ್ತಕ್ಕೆ ಒದಗುತ್ತದೆ. ಹಾಗೆಂದು ಹಟ್ಟಿಗೊಬ್ಬರ ನಿಲ್ಲಿಸಬೇಡಿ.